ಕೀಟ, ಜೇಡಗಳ ನಡವಳಿಕೆ ಓದುವ ಲ್ಯಾಬಿನಲ್ಲಿ ದಿನವಿಡೀ ಏನು ಮಾಡುತ್ತಾರೆ?

ಹಾಸನದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೀರಿ, ಇಂಥ ಲ್ಯಾಬಿಗೆ ಸೇರುವ ಆಸೆ ಇದೆ, ಆದರೆ 'ಹುಳ ನೋಡ್ತಾ ಕೂರೋದೂ ಒಂದು ಕೆಲಸಾನಾ' ಅಂತ ಮನೆಯಲ್ಲಿ ಕೇಳುತ್ತಾರೆ ಎಂದು ಬರೆದಿದ್ದೀರಿ. ನಾನು ಮೂಡಿಗೆರೆ ಕಡೆಯವಳು. ವಿಶ್ವವಿದ್ಯಾಲಯದ ಲ್ಯಾಬೊಂದರಲ್ಲಿ ಆರು ವರ್ಷ ಇದನ್ನೇ ಮಾಡಿದ್ದೇನೆ. ಹೌದು, ಮುಕ್ಕಾಲು ಪಾಲು ಕೆಲಸ ನೋಡುವುದೇ. ಸರಿಯಾಗಿ ನೋಡುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ನಾನು ನೋಡುತ್ತಿದ್ದದ್ದು ಕಣಜಗಳನ್ನು. ಸೂರಿನಡಿ ಕಾಗದದಂಥ ಗೂಡು ಕಟ್ಟುತ್ತವಲ್ಲ, ಅವು. ಹೆಸರು ರೊಪಾಲಿಡಿಯಾ ಮಾರ್ಜಿನೇಟಾ. ಎಲ್ಲವೂ ಒಂದೇ ಥರ ಕಾಣುತ್ತವೆ. ಅದಕ್ಕೇ ಒಂದೊಂದರ ಮೈಮೇಲೂ ಬೇಗ ಒಣಗುವ ಬಣ್ಣದ ಚುಕ್ಕೆ ಇಡುತ್ತೇವೆ, ಉಸಿರು ಬಿಗಿಹಿಡಿದುಕೊಂಡು. ಕೆಂಪು ಯಾವುದು, ನೀಲಿ ಯಾವುದು ಅಂತ ಆದ ಮೇಲೆ ಗಂಟೆಗಟ್ಟಲೆ ಬರೆಯುವುದು.

ಮೊದಲ ತಿಂಗಳು 'ನೀಲಿ ಕೋಪದಿಂದ ಕೆಂಪನ್ನು ಓಡಿಸಿತು' ಎಂದು ಬರೆದಿದ್ದೆ. ಗೈಡ್ ಆ ಸಾಲಿಗೆ ಗೆರೆ ಎಳೆದು, 'ಕೋಪ ನಿನಗೆ ಎಲ್ಲಿ ಕಾಣಿಸ್ತಮ್ಮಾ?' ಅಂದರು. ನಾನು ಕಂಡದ್ದು ಇಷ್ಟೇ: ನೀಲಿ ಹತ್ತಿರ ಬಂತು, ಕಚ್ಚಿತು, ಕೆಂಪು ಪಕ್ಕಕ್ಕೆ ಸರಿಯಿತು. ಅಷ್ಟನ್ನೇ ಬರೆಯಬೇಕು.

ಈ ಶಿಸ್ತು ಸುಮ್ನೆ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರ ತಂಡ ಇದೇ ಕಣಜವನ್ನು ದಶಕಗಳ ಕಾಲ ನೋಡಿದೆ. ಇದರ ರಾಣಿ ಯಾರ ಮೇಲೂ ಎರಗುವುದೇ ಅಪರೂಪ. ಆದರೆ ರಾಣಿಯನ್ನು ತೆಗೆದರೆ, ಸ್ವಲ್ಪ ಹೊತ್ತಿನಲ್ಲೇ ಒಂದು ಕೆಲಸಗಾರ ಕಣಜ ಉಳಿದವುಗಳ ಮೇಲೆ ಎರಗಲು ಶುರು ಮಾಡುತ್ತದೆ. ರಾಣಿ ವಾಪಸ್ ಬಂದರೆ ತಣ್ಣಗಾಗುತ್ತದೆ. ಬರದಿದ್ದರೆ ಅದೇ ಮುಂದಿನ ರಾಣಿ. ರಾಣಿ ಅಂದರೆ ಜೋರು ಇರಲೇಬೇಕು ಅಂತ ಮೊದಲೇ ಅಂದುಕೊಂಡು ಕೂತಿದ್ದರೆ, ಗೂಡಿನಲ್ಲಿ ರಾಣಿ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ.

ಮನೆಯವರಿಗೆ ಬಿಳಿ ಕಾಂಡಕೊರಕದ ಕಥೆ ಹೇಳಿ. ಅರೇಬಿಕಾ ಕಾಫಿ ಬೆಳೆಯುವ ನಮ್ಮ ಕಡೆಯವರಿಗೆ ಅದು ಬೇಗ ಅರ್ಥವಾಗುತ್ತದೆ. ಆ ದುಂಬಿ ಚೆನ್ನಾಗಿ ಬಿಸಿಲಿದ್ದಾಗ ಓಡಾಡಿ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ತೋಟದಲ್ಲಿ ನೆರಳು ಬೇಕು ಅನ್ನುವುದಕ್ಕೆ ಅದೂ ಒಂದು ಕಾರಣ. ದುಂಬಿಯ ನಡವಳಿಕೆ ನೋಡದೆ ಇದು ತಿಳಿಯುತ್ತಿತ್ತಾ? ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ, ನಿಮಗೂ ದೂರವಲ್ಲ.

ಓದಿನ ವಿಷಯ: ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಜೊತೆಗೆ ಸಂಖ್ಯಾಶಾಸ್ತ್ರ ಕಲಿಯಿರಿ. ಕೃಷಿ ವಿ.ವಿ.ಗಳಲ್ಲಿ ಕೀಟಶಾಸ್ತ್ರಕ್ಕೆ ಸಾಮಾನ್ಯವಾಗಿ ಕೃಷಿ ಪದವಿಯನ್ನೇ ಕೇಳುತ್ತಾರೆ.

ಜೇಡ ಇಷ್ಟ ಅಂದಿದ್ದೀರಿ. ಕಾಫಿ ಕೊಯ್ಯುವಾಗ ಮೈಮೇಲೆ ಬಿದ್ದು ಕಚ್ಚುವ ಚಗಳಿ ಇರುವೆಯ ಗೂಡಿನ ಅಕ್ಕಪಕ್ಕ ಹುಡುಕಿ. ಒಮ್ಮೆ ನಮ್ಮ ತೋಟದಲ್ಲಿ ಚಗಳಿಯೊಂದು ಗುಂಪಿನಿಂದ ಸ್ವಲ್ಪ ದೂರವೇ ಓಡಾಡುತ್ತಿತ್ತು. ಅದೇ ಕೆಂಗಂದು ಬಣ್ಣ, ತಲೆಯ ಎರಡೂ ಪಕ್ಕ ಕಣ್ಣಿನಂಥ ಕಪ್ಪು ಮಚ್ಚೆ. ಬೆರಳು ಹತ್ತಿರ ತಂದೆ, ನೂಲು ಬಿಟ್ಟುಕೊಂಡು ಕೆಳಗೆ ಜಾರಿತು. ಬೆಳೆದ ಚಗಳಿಗೆ ನೂಲು ಬರುವುದಿಲ್ಲ. ಎಲೆ ಹೊಲಿಯಲೂ ಅದು ತನ್ನ ಮರಿಹುಳವನ್ನು ಬಾಯಲ್ಲಿ ಹಿಡಿದುಕೊಂಡು ಆ ಹುಳದ ನೂಲನ್ನೇ ಬಳಸಬೇಕು. ಬಗ್ಗಿ ನೋಡಿದೆ. ಕಾಲು ಎಂಟು. ಮುಂದಿನ ಎರಡನ್ನು ಎತ್ತಿ ಕುಡಿಮೀಸೆಯ ಹಾಗೆ ಆಡಿಸುತ್ತಿತ್ತು.

ದಿನಕ್ಕೆ ಅರ್ಧ ಗಂಟೆ ಅದರ ಮುಂದೆ ಕೂತು, ಕಂಡದ್ದನ್ನಷ್ಟೇ ಒಂದು ತಿಂಗಳು ಬರೆದಿಡಿ. ಲ್ಯಾಬಿನ ಇಂಟರ್‌ವ್ಯೂಗೆ ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ.