ಒಂದು ಕಾಲು, ಒಂದು ಸ್ಕೀ

ಪ್ರಶ್ನೆ: ಅಮೆರಿಕದ ಡಯಾನಾ ಗೋಲ್ಡನ್ ಅನ್ನುವವರು ಒಂದೇ ಕಾಲಲ್ಲಿ, ಎರಡು ಕಾಲಿದ್ದವರ ಜೊತೆಗೇ ಹಿಮದ ಇಳಿಜಾರಲ್ಲಿ ಜಾರುವ ಸ್ಕೀ ರೇಸಿಗೆ ಇಳಿಯುತ್ತಿದ್ದರಂತೆ, ನಿಜಾನಾ? ಅಷ್ಟು ಧೈರ್ಯ ಅವರಿಗೆ ಎಲ್ಲಿಂದ ಬಂತು?
– ಓದುಗರು, ದಾವಣಗೆರೆ

ಉತ್ತರ: ನಿಜ. ಆದರೆ ಧೈರ್ಯದ ಮಾತನ್ನು ಸ್ವಲ್ಪ ಬದಿಗಿಡೋಣ, ಯಾಕಂದ್ರೆ ಡಯಾನಾಗೆ ಆ ಹೊಗಳಿಕೆ ಹಿಡಿಸುತ್ತಿರಲಿಲ್ಲ. ಅದರಲ್ಲಿ ಆಟದ ಮಾತೇ ಇರಲ್ಲ ನೋಡಿ. ತನ್ನನ್ನು ಒಳ್ಳೆಯ ಕ್ರೀಡಾಪಟು ಅಂತ ಗುರುತಿಸಲಿ ಅನ್ನೋದಷ್ಟೇ ಅವರ ಆಸೆ.

ಅವರು ಹುಟ್ಟಿದ್ದು 1963ರಲ್ಲಿ, ಬೆಳೆದದ್ದು ಮ್ಯಾಸಚೂಸೆಟ್ಸ್‌ನಲ್ಲಿ. 12ನೇ ವಯಸ್ಸಿಗೆ ಮೂಳೆ ಕ್ಯಾನ್ಸರ್ ಬಂದು ಬಲಗಾಲನ್ನು ಮಂಡಿಯ ಮೇಲಿಂದ ತೆಗೆಯಬೇಕಾಯಿತು. ಮತ್ತೆ ಸ್ಕೀ ಮಾಡೋಕಾಗುತ್ತಾ ಅಂತ ಡಾಕ್ಟರನ್ನು ಕೇಳಿದರು. ಆಗುತ್ತೆ ಅಂದರು. ಮುಂದೆ ಡಾರ್ಟ್‌ಮತ್ ಕಾಲೇಜಿನ ತಂಡದ ಜೊತೆ ತಯಾರಿ. ಉಳಿದವರು ಸ್ಟೇಡಿಯಂ ಮೆಟ್ಟಿಲನ್ನು ಓಡಿ ಹತ್ತಿದರೆ ಇವರು ಒಂದೇ ಕಾಲಲ್ಲಿ ಕುಪ್ಪಳಿಸಿ ಹತ್ತುತ್ತಿದ್ದರು. ಒಂಟಿ ಕಾಲಿನವರು ಸಾಮಾನ್ಯವಾಗಿ ತುದಿಗೆ ಪುಟ್ಟ ಸ್ಕೀ ಕಟ್ಟಿದ ಊರುಗೋಲು ಹಿಡಿದು ಇಳಿಯುತ್ತಾರೆ. ಡಯಾನಾ ಅದನ್ನೂ ಬಿಟ್ಟು, ಎಲ್ಲರ ಹಾಗೆ ಮಾಮೂಲಿ ಸ್ಕೀ ಕೋಲನ್ನೇ ಹಿಡಿದರು.

ಎರಡು ಕಾಲಿದ್ದವರ ಜೊತೆ ಇಳಿಯುವಾಗ ದೊಡ್ಡ ತೊಡಕು ಸರದಿಯದು. ಒಬ್ಬರಾದ ಮೇಲೆ ಒಬ್ಬರು ಇಳಿಯುತ್ತಾರೆ, ಪ್ರತಿಯೊಬ್ಬರೂ ಅದೇ ಗೇಟುಗಳ (ದಾರಿ ಗುರುತಿಸಲು ಹಿಮದಲ್ಲಿ ನೆಟ್ಟ ಕಂಬಗಳ) ಸುತ್ತ ತಿರುಗಬೇಕು. ತಿರುಗಿದಷ್ಟೂ ಹಿಮ ಕೊರೆದು, ಮಳೆಗಾಲದ ಮಣ್ಣುರಸ್ತೆಯಲ್ಲಿ ಗಾಡಿ ಜಾಡು ಬಿದ್ದ ಹಾಗೆ ಆಳವಾದ ಜಾಡು ಬೀಳುತ್ತದೆ. ಎರಡು ಸ್ಕೀ ಇದ್ದವರು ಒಂದು ಜಾರಿದರೆ ಇನ್ನೊಂದರ ಮೇಲೆ ಭಾರ ಹಾಕಿ ಸಾವರಿಸಿಕೊಳ್ಳಬಹುದು, ಒಂದೇ ಇದ್ದವರಿಗೆ ಆ ದಾರಿಯೂ ಇಲ್ಲ, ಜಾಸ್ತಿ ತೊಂದರೆ ಅವರಿಗೇ. ಅದಕ್ಕೇ 1985ರಲ್ಲಿ ಅಮೆರಿಕದ ಸ್ಕೀ ಸಂಘ ಒಂದು ನಿಯಮ ತಂದಿತು. ಮೊದಲ 15 ಮಂದಿ ಇಳಿದ ಮೇಲೆ, ಜಾಡು ಇನ್ನೂ ಹದಗೆಡುವ ಮೊದಲೇ, ಮುಂಚೂಣಿಯ ಅಂಗವಿಕಲ ಸ್ಪರ್ಧಿಗಳಿಗೆ ಜಾಗ. ಡಯಾನಾ ಅದಕ್ಕಾಗಿ ಪಟ್ಟುಹಿಡಿದಿದ್ದರು, ಹಾಗಾಗಿ ಅದಕ್ಕೆ ‘ಗೋಲ್ಡನ್ ರೂಲ್’ ಅಂತಲೇ ಹೆಸರು ಬಿತ್ತು. ಇದರಲ್ಲಿ ಸಮಯದ ರಿಯಾಯಿತಿ ಇಲ್ಲ, ದಾರಿಯೂ ಬೇರೆಯಲ್ಲ. ಅವರ ಪದಕಗಳಿಗಿಂತ ನನಗೆ ಇದೇ ದೊಡ್ಡದು ಅನ್ನಿಸುತ್ತದೆ.

ಪದಕಗಳೇನು ಕಮ್ಮಿ ಇಲ್ಲ. ಅಂಗವಿಕಲರ ವಿಶ್ವ ಸ್ಪರ್ಧೆಗಳಲ್ಲಿ 10 ಚಿನ್ನ, ದೇಶದೊಳಗೆ 19. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ (ಅಂದ್ರೆ ಅಧಿಕೃತ ಪದಕಪಟ್ಟಿಗೆ ಸೇರದ) ಜೈಂಟ್ ಸ್ಲಾಲಮ್‌ ಎಂಬ, ಗೇಟುಗಳ ಸುತ್ತ ತಿರುಗುತ್ತಾ ಇಳಿಯುವ ರೇಸಿನಲ್ಲೂ ಮೊದಲ ಸ್ಥಾನ. ಅದೇ ವರ್ಷ ಅಮೆರಿಕದ ಒಲಿಂಪಿಕ್ ಸಮಿತಿ ಅವರನ್ನು ವರ್ಷದ ಮಹಿಳಾ ಸ್ಕೀ ಪಟು ಎಂದು ಆರಿಸಿತು. ಅಂಗವಿಕಲರ ಪೈಕಿ ಅಲ್ಲ, ಎಲ್ಲರ ಪೈಕಿ.

1990ರಲ್ಲಿ ರೇಸ್ ಬಿಟ್ಟರು. ಎರಡೇ ವರ್ಷಕ್ಕೆ ಸ್ತನ ಕ್ಯಾನ್ಸರ್. ಬದುಕೇ ಬೇಡ ಅನ್ನಿಸಿದ ದಿನಗಳಿದ್ದವು, ಅದನ್ನೂ ಅವರು ಮುಚ್ಚಿಡಲಿಲ್ಲ. 1997ರಲ್ಲಿ ಮದುವೆಯಾದರು. 2001ರ ಆಗಸ್ಟ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 38.

ಪ್ರಶ್ನೆ: ಒಂದು ಕಾಲಿಲ್ಲದವರು, ಒಂದು ಕೈಯಿಲ್ಲದವರು ಒಂದೇ ರೇಸಿನಲ್ಲಿದ್ದರೆ ಗೆದ್ದವರು ಯಾರು ಅಂತ ಹೇಗೆ ಹೇಳ್ತಾರೆ?
– ಇನ್ನೊಬ್ಬ ಓದುಗರು

ಉತ್ತರ: ಪ್ಯಾರಾಲಿಂಪಿಕ್ಸ್‌ನಲ್ಲಿ 2006ರಿಂದ ಮೂರೇ ಗುಂಪು: ನಿಂತು ಇಳಿಯುವವರು, ಕುಳಿತು ಇಳಿಯುವವರು, ದೃಷ್ಟಿದೋಷ ಇರುವವರು. ನೀವು ಹೇಳಿದ ಇಬ್ಬರೂ ನಿಂತು ಇಳಿಯುವ ಗುಂಪಿಗೇ ಬರುತ್ತಾರೆ. ಅಂಗವೈಕಲ್ಯದ ಪ್ರಮಾಣ ನೋಡಿ ಪ್ರತಿಯೊಬ್ಬರಿಗೂ ಒಂದು ಗುಣಕ ಇರುತ್ತದೆ. ಗಡಿಯಾರದ ಸಮಯವನ್ನು ಅದರಿಂದ ಗುಣಿಸಿ, ಕಡಿಮೆ ಬಂದವರಿಗೆ ಪದಕ ಕೊಡುತ್ತಾರೆ.