ಆ ಹಂದಿಯನ್ನು ಮಾರಬೇಡಿ, ಮೊದಲು ಮರಿಗಳು ಎಲ್ಲಿ ಮಲಗುತ್ತವೆ ನೋಡಿ

ಹನ್ನೊಂದು ಮರಿಯಲ್ಲಿ ನಾಲ್ಕೇ ಉಳಿದವು, ತಾಯಿ ಹಂದಿಯೇ ಮೈಮೇಲೆ ಮಲಗಿ ಸಾಯಿಸ್ತಿದೆ, ಮಾರಿ ಬೇರೆ ತಳಿ ತರಲಾ ಅಂತ ಕೇಳಿದ್ದೀರಿ. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನೂ ಇದನ್ನೇ ಹೇಳಿದ್ದೆ. ಹೇಳಿ ಸುಮ್ಮನಾಗದೆ ಮಾರಿಯೂ ಬಿಟ್ಟೆ.

ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಸೊರಗು ರೋಗ ಬಂದು ಮೆಣಸಿನ ಬಳ್ಳಿ ಒಣಗಿದ ವರ್ಷ, ಕೈಯಲ್ಲಿ ನಾಲ್ಕು ಕಾಸು ಓಡಾಡಲಿ ಅಂತ ಎರಡು ಯಾರ್ಕ್‌ಶೈರ್ ತಳಿಯ ಹೆಣ್ಣು ಹಂದಿ ತಂದೆ. ಮೊದಲನೆಯದು ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ 10 ಮರಿ ಹಾಕಿತು. ಮೂರನೇ ದಿನಕ್ಕೆ ಉಳಿದದ್ದು 4. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ತಾಯಿಯ ಬೆನ್ನಡಿ ಒಂದು ಮರಿ. ಮಾರನೇ ದಿನ ಎರಡು. ಅವ್ವ ಅವನ್ನು ಗೋಣಿಚೀಲದಲ್ಲಿ ಸುತ್ತಿ ತೋಟದಲ್ಲಿ ಹೂತು ಬರುತ್ತಿದ್ದರು. ಇದಕ್ಕೆ ಮರಿ ಸಾಕುವ ಬುದ್ಧಿಯೇ ಇಲ್ಲ ಅಂತ ನಾನು ತೀರ್ಮಾನ ಮಾಡಿದೆ. ನಮ್ಮ ಕೈಲ್ ಪೊಳ್ದ್ ಹಬ್ಬ ಹತ್ತಿರ ಬಂದಿತ್ತು, ಮಾಂಸಕ್ಕೆ ಒಳ್ಳೆ ರೇಟ್ ಇತ್ತು. ಕೊಟ್ಟುಬಿಟ್ಟೆ.

ಎರಡನೇ ಹಂದಿ ಅದೇ ಗೂಡಿನಲ್ಲಿ 11 ಹಾಕಿತು. ಎರಡೇ ದಿನಕ್ಕೆ 6 ಹೋದವು. ಆಗ ಪಶು ಡಾಕ್ಟರನ್ನು ಕರೆಸಿದೆ. ಅವರು ಸತ್ತ ಮರಿಯೊಂದರ ಹೊಟ್ಟೆ ಕುಯ್ದು ತೋರಿಸಿದರು. ಖಾಲಿ. ಒಂದು ಚಮಚ ಹಾಲೂ ಇರಲಿಲ್ಲ. 'ಇದು ಬರೀ ಅಡಿಗೆ ಸಿಕ್ಕಿ ಸತ್ತದ್ದಲ್ಲ. ಮೊದಲು ಚಳಿ ಹಿಡಿದಿದೆ. ಚಳಿಗೆ ಮಂಕಾಗಿ ಹಾಲು ಕುಡಿದಿಲ್ಲ. ಬಿಸಿ ಹುಡುಕಿಕೊಂಡು ತಾಯಿ ಪಕ್ಕ ಹೋಗಿ ಬಿದ್ದಿದೆ. ತಾಯಿ ಮಲಗುವಾಗ ಎದ್ದು ಓಡಲು ಶಕ್ತಿ ಇಲ್ಲ' ಅಂದರು. ಆಮೇಲೆ ಮೇಲೆ ನೋಡಿ, 'ಬಲ್ಬ್ ಯಾಕೆ ಅಲ್ಲಿ ಕಟ್ಟಿದ್ದೀರಿ?' ಅಂತ ಕೇಳಿದರು.

ನನ್ನ ತಪ್ಪು ಆ ಬಲ್ಬು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮ್ಮಲ್ಲೂ ಇದೇ ಇರಬಹುದು. ಗೂಡಿನ ಮಧ್ಯದಲ್ಲಿ, ಸರಿಯಾಗಿ ತಾಯಿಯ ಮೇಲೆ, 100 ವ್ಯಾಟಿನ ಬಲ್ಬ್ ಕಟ್ಟಿದ್ದೆ. ತಾಯಿಗೂ ಬಿಸಿ, ಮರಿಗೂ ಬಿಸಿ ಅನ್ನೋದು ನನ್ನ ಲೆಕ್ಕ. ಆದರೆ ತಾಯಿಗೆ ಬೇಕಾದ ಹವೆ ಬೇರೆ, ಮರಿಗೆ ಬೇಕಾದ್ದೇ ಬೇರೆ. ಆಗ ತಾನೇ ಹುಟ್ಟಿದ ಮರಿಯ ಮೈಯಲ್ಲಿ ಕೊಬ್ಬೂ ಇಲ್ಲ, ಸರಿಯಾಗಿ ರೋಮವೂ ಇಲ್ಲ. ಅದಕ್ಕೆ ಮೊದಲ ದಿನಗಳಲ್ಲಿ 32ರಿಂದ 35 ಡಿಗ್ರಿ ಬೇಕು. ತಾಯಿಗೆ 20 ಡಿಗ್ರಿ ಇದ್ದರೆ ಆರಾಮ. ನಮ್ಮ ಮಳೆಗಾಲದ ರಾತ್ರಿ ತಾಯಿಗೆ ಏನೂ ಕಷ್ಟವಲ್ಲ, ಮರಿಗೆ ಅದೇ ಸಾವು. ತಾಯಿಯ ಮೇಲೆ ಬಲ್ಬ್ ಕಟ್ಟಿ ನಾನು ಮರಿಗಳನ್ನು ಇಡೀ ಗೂಡಿನಲ್ಲಿ ಅತಿ ಅಪಾಯದ ಜಾಗಕ್ಕೇ ಕರೆದಿದ್ದೆ. ಅದೂ ಸಾಲದು ಅಂತ, ತಾಯಿಗೆ ಸೆಕೆಯಾಗಿ ಅದು ಮತ್ತೆ ಮತ್ತೆ ಎದ್ದು ಮಗ್ಗುಲು ಬದಲಿಸುತ್ತಿತ್ತು. ಒಂದೊಂದು ಸಲ ಮಲಗುವಾಗಲೂ ಒಂದೊಂದು ಮರಿಯ ಜೀವ. ಇನ್ನೂರು ಕಿಲೋ ತೂಕ, ಅಡಿಯಲ್ಲಿ ಒಂದೂಕಾಲು ಕಿಲೋ ಮರಿ. ಅದರ ಮೇಲೆ ದಿನಾ ಸಿಮೆಂಟ್ ನೆಲ ತೊಳೆದು ಒದ್ದೆ ಮಾಡುತ್ತಿದ್ದೆ. ಮೊದಲ ಹಂದಿಯ ತಪ್ಪು ಏನೂ ಇರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತೆ.

ಹಾಗಾಗಿ ಯಾವ ತಳಿ ತರಲಿ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಲ್ಯಾಂಡ್ರೇಸ್ ತನ್ನಿ, ಡ್ಯೂರಾಕ್ ತನ್ನಿ, ಗೂಡು ಅದೇ ಆದರೆ ಸಾವೂ ಅದೇ. ಮರಿಯನ್ನು ಕಚ್ಚಿ ಕೊಲ್ಲುವ ಹಂದಿಯ ಕಥೆ ಬೇರೆ, ನೀವು ಅದನ್ನು ಹೇಳಿಲ್ಲ.

ಆ ಉಳಿದ 5 ಮರಿಗೆ ಅವತ್ತೇ ಗೂಡಿನ ಮೂಲೆಯಲ್ಲಿ ಜಾಗ ಮಾಡಿದೆ. ಮರಿ ನುಸುಳಬೇಕು, ತಾಯಿ ಬರಬಾರದು, ಅಷ್ಟು ಸಂದಿ ಬಿಟ್ಟು ಸಿಲ್ವರ್ ಓಕ್ ಹಲಗೆ ಹೊಡೆದೆ. ಮೇಲೆ ಮುಚ್ಚಳ, ಕೆಳಗೆ ಒಣ ಭತ್ತದ ಹುಲ್ಲು ದಪ್ಪಗೆ. ಬಲ್ಬ್ ಅಲ್ಲಿಗೆ ಹೋಯಿತು. ಎಲ್‌ಇಡಿ ಹಾಕಬೇಡಿ, ಅದು ಬೆಳಕು ಕೊಡುತ್ತೆ, ಬಿಸಿ ಕೊಡಲ್ಲ. ಹಳೇ ತಂತಿ ಬಲ್ಬ್ ಬೇಕು, ಇಲ್ಲವೇ ಇನ್ಫ್ರಾರೆಡ್. ಹುಲ್ಲಿಗೆ ತಾಗದಂತೆ ಗಟ್ಟಿಯಾಗಿ ಕಟ್ಟಿ, ಬೆಂಕಿ ಬಿದ್ದರೆ ಎಲ್ಲವೂ ಹೋಗುತ್ತೆ. ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗೋದು ಗೊತ್ತೇ ಇದೆಯಲ್ಲ, ಆಗ ಮುಚ್ಚಳ ಮತ್ತು ಹುಲ್ಲೇ ಕಾಪಾಡೋದು. ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಒಂದು ಗೇಣು ಎತ್ತರಕ್ಕೆ ಕಬ್ಬಿಣದ ಜಿಐ ಪೈಪ್ ಹಾಕಿಸಿದೆ. ತಾಯಿ ಗೋಡೆಗೆ ಒರಗಿ ಜಾರಿದರೂ ಮರಿ ಹಿಂದಿನ ಸಂದಿಯಲ್ಲಿ ಬದುಕುತ್ತೆ.

ಇನ್ನೊಂದು, ಗಿಣ್ಣು ಹಾಲು. ರೋಗ ತಡೆಯುವ ಶಕ್ತಿ ಹಂದಿ ಮರಿಗೆ ಹೊಟ್ಟೆಯೊಳಗೆ ಇರುವಾಗ ಸಿಗಲ್ಲ, ಗಿಣ್ಣಿನಲ್ಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳಲ್ಲ. ಹಾಗಾಗಿ ಗಬ್ಬದ 114ನೇ ದಿನದ ಹತ್ತಿರ, ಅಂದರೆ ಮರಿ ಹಾಕುವ ಹೊತ್ತಿಗೆ, ನಾನು ಗೂಡಿನಲ್ಲೇ ಚಾಪೆ ಹಾಕುತ್ತೇನೆ. ಹುಟ್ಟಿದ ಮರಿಯನ್ನು ಬಟ್ಟೆಯಲ್ಲಿ ಒರೆಸಿ ಮೊಲೆಗೆ ಹಿಡಿಸಿದ ಮೇಲೆಯೇ ಮೂಲೆಗೆ ಬಿಡೋದು. ಮೂರನೇ ದಿನ ಕಬ್ಬಿಣದ ಇಂಜೆಕ್ಷನ್, ಅದನ್ನು ಡಾಕ್ಟರ್ ಹತ್ತಿರ ಹಾಕಿಸಿ.

ಅದೇ ಎರಡನೇ ಹಂದಿ ಮುಂದಿನ ಸಲ 10 ಹಾಕಿತು, 9 ಉಳಿದವು.

ಇವತ್ತು ರಾತ್ರಿ ಟಾರ್ಚ್ ಹಿಡಿದು ನಿಮ್ಮ ನಾಲ್ಕು ಮರಿಗಳನ್ನು ನೋಡಿ. ಒಂದರ ಮೇಲೊಂದು ಬಿದ್ದು ಗುಡ್ಡೆಯಾಗಿದ್ದರೆ ಚಳಿ. ಬಲ್ಬ್ ಬಿಟ್ಟು ದೂರ ಹೋಗಿದ್ದರೆ ಬಿಸಿ ಜಾಸ್ತಿ. ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ಸರಿ ಇದೆ. ಒಂದು ಫೋಟೋ ಹಾಕಿ, ಗೂಡು ಪೂರ್ತಿ ಕಾಣುವಂತೆ. ಮೂಲೆ ಎಲ್ಲಿ ಮಾಡಬಹುದು ಅಂತ ನೋಡಿ ಹೇಳುತ್ತೇನೆ.