ಬುದ್ಧ ಕಾಣಲಿಲ್ಲ ಅಂದ ಮೇಷ್ಟ್ರಿಗೆ

ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆಯ ಹೈಸ್ಕೂಲ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ದಸರಾ ರಜೆಯಲ್ಲಿ ಮನೆಯವರ ಜೊತೆ ನಾಗಾರ್ಜುನಸಾಗರಕ್ಕೆ ಹೋಗಿದ್ದರಂತೆ. ಲಾಂಚ್ ಹತ್ತಿ, ಅಲ್ಲಿನ ಅಣೆಕಟ್ಟೆ ನೀರಿನ ನಡುಗಡ್ಡೆಯಾದ ನಾಗಾರ್ಜುನಕೊಂಡದ ಮ್ಯೂಸಿಯಂ ನೋಡಿ ಬಂದು, ಈಗ ಬೇಜಾರು ಮಾಡಿಕೊಂಡಿದ್ದಾರೆ. "ಬೌದ್ಧ ಕಲೆ ಅಂತ ಹೋದರೆ ಒಡೆದ ಕಲ್ಲುಗಳೇ ಜಾಸ್ತಿ. ಕೆಲವು ಕಡೆ ಬುದ್ಧನೇ ಇಲ್ಲ, ಖಾಲಿ ಪೀಠ. ಹೊರಗಿರುವ ಸ್ತೂಪಗಳು ಡೂಪ್ಲಿಕೇಟ್ ಅಂತ ಯಾರೋ ಅಂದರು. ನಮಗೂ ಅದಕ್ಕೂ ಏನು ಸಂಬಂಧ? ಶಾಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಾ, ಬೇಡವಾ?" ಅಂತ ಕೇಳಿದ್ದಾರೆ.

ಮೇಷ್ಟ್ರೇ, ಡೂಪ್ಲಿಕೇಟ್ ವಿಷಯ ಮೊದಲು ಮುಗಿಸಿಬಿಡೋಣ. ಅದು ಅರ್ಧ ನಿಜ. ಲಾಂಚ್‌ನಲ್ಲಿ ಹೋಗುವಾಗ ನಿಮ್ಮ ಕಾಲ ಕೆಳಗೇ ಒಂದು ರಾಜಧಾನಿ ಇತ್ತು. ಅದರ ಹೆಸರು ವಿಜಯಪುರಿ. ಮೂರು, ನಾಲ್ಕನೇ ಶತಮಾನದಲ್ಲಿ ಇಕ್ಷ್ವಾಕು ರಾಜರು ಕೃಷ್ಣಾ ದಂಡೆಯ ಆ ಕಣಿವೆಯಲ್ಲಿ ಆಳಿದರು. ಆಮೇಲೆ ಕಾಡು ಬೆಳೆದು ಎಲ್ಲರೂ ಮರೆತರು. 1926ರಲ್ಲಿ ಅಲ್ಲಿನ ಶಾಸನದ ಕಂಬಗಳು ಶಾಸನ ಇಲಾಖೆಯವರ ಕಣ್ಣಿಗೆ ಬಿದ್ದವು. ಮಾರನೇ ವರ್ಷದಿಂದ ಪುರಾತತ್ವ ಇಲಾಖೆಯ ಲಾಂಗ್‌ಹರ್ಸ್ಟ್ ಅಗೆಸಿದರು. 1955ರ ಡಿಸೆಂಬರಿನಲ್ಲಿ ನೆಹರೂ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಕಣಿವೆ ಮುಳುಗುವುದು ಖಚಿತವಾಗಿತ್ತು. 1954ರಿಂದ 1960ರವರೆಗೆ ಅದೇ ಇಲಾಖೆಯ ಆರ್. ಸುಬ್ರಹ್ಮಣ್ಯಂ ಅವರ ತಂಡ ಕಣಿವೆಯನ್ನು ಆದಷ್ಟು ಅಗೆದು ನೋಡಿತು. ನೀರು ಬರುವ ಮೊದಲು ಕೆಲವು ಕಟ್ಟಡಗಳನ್ನು ಎತ್ತಿ ತಂದು ಈಗ ನಡುಗಡ್ಡೆಯಾಗಿರುವ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಇನ್ನು ಕೆಲವನ್ನು ಈಚೆ ದಡದ ಅನುಪುವಿನಲ್ಲಿ ಕಟ್ಟಿದರು. ಉಳಿದವಕ್ಕೆ ಚಿಕ್ಕ ಮಾದರಿ ಮಾಡಿಟ್ಟರು. ನಿಮಗೆ ಡೂಪ್ಲಿಕೇಟ್ ಅಂದವರು ಆ ಮಾದರಿಗಳನ್ನು ನೋಡಿರಬೇಕು. ಮ್ಯೂಸಿಯಂ ಒಳಗಿನ ಶಿಲ್ಪಗಳು ಮಾತ್ರ ಆ ಕಣಿವೆಯಿಂದ ಬಂದ ಅಸಲಿ ಕಲ್ಲುಗಳು. ಒಳಗೆ ಮುಳುಗಿದ ಕಣಿವೆಯ ಒಂದು ಮಾದರಿಯೂ ಇದೆ. ಜನ ಅದನ್ನು ಸುಮ್ನೆ ದಾಟಿ ಹೋಗುತ್ತಾರೆ. ಅದರ ಮುಂದೆ ಹತ್ತು ನಿಮಿಷ ನಿಂತರೆ ಮುಂದಿನದೆಲ್ಲ ಸಲೀಸು.

ಖಾಲಿ ಪೀಠದ ವಿಷಯ. ಅಲ್ಲಿ ಬುದ್ಧ ಇಲ್ಲ ಅಂತಲ್ಲ. ಬೌದ್ಧ ಶಿಲ್ಪದ ಆರಂಭದ ಕಾಲದಲ್ಲಿ ಬುದ್ಧನನ್ನು ಮನುಷ್ಯ ರೂಪದಲ್ಲಿ ಕೆತ್ತುತ್ತಿರಲಿಲ್ಲ. ಪೀಠ, ಪಾದ, ಚಕ್ರ, ಅರಳಿಮರ ಇದ್ದರೆ ಬುದ್ಧ ಇದ್ದಾನೆ ಅಂತಲೇ ಲೆಕ್ಕ. ಸುತ್ತ ಕೈಮುಗಿದವರು ಎಲ್ಲಿ ನೋಡುತ್ತಿದ್ದಾರೆ ಅಂತ ಗಮನಿಸಿ, ಗೊತ್ತಾಗುತ್ತದೆ. ನಾಗಾರ್ಜುನಕೊಂಡದಲ್ಲಿ ಎರಡೂ ಇವೆ. ಒಂದು ಫಲಕದಲ್ಲಿ ಖಾಲಿ ಪೀಠ, ಇನ್ನೊಂದರಲ್ಲಿ ಬುದ್ಧನೇ ನಿಂತಿದ್ದಾನೆ. ಹಳೆ ಪದ್ಧತಿ ಬಿಟ್ಟಿಲ್ಲ, ಹೊಸದು ಬಂದಿದೆ. ಆಳೆತ್ತರಕ್ಕಿಂತ ದೊಡ್ಡದಾದ ನಿಂತ ಬುದ್ಧನನ್ನು ನೀವು ನೋಡದೇ ಇರಲು ಸಾಧ್ಯವಿಲ್ಲ ಬಿಡಿ.

ಮಕ್ಕಳಿಗೆ ಎಲ್ಲ ಫಲಕ ತೋರಿಸಲು ಹೋಗಬೇಡಿ. ನಂದನ ಕಥೆಯ ಫಲಕ ಒಂದನ್ನು ಹುಡುಕಿಸಿ. ನಂದ ಬುದ್ಧನ ಮಲತಮ್ಮ. ಸನ್ಯಾಸಿಯಾದ ಮೇಲೂ ಮನಸ್ಸೆಲ್ಲ ಸುಂದರಿ ಹೆಂಡತಿಯ ಮೇಲೆ. ಬುದ್ಧ ಅವನನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಒಂದು ಕುರೂಪಿ ಹೆಣ್ಣು ಮಂಗ ತೋರಿಸುತ್ತಾನೆ. ಮುಂದೆ ಅಪ್ಸರೆಯರನ್ನು ತೋರಿಸಿ, ಇವರು ಚೆಂದವೋ ನಿನ್ನ ಹೆಂಡತಿಯೋ ಅಂತ ಕೇಳುತ್ತಾನೆ. ಇವರ ಮುಂದೆ ನನ್ನ ಹೆಂಡತಿ ಆ ಮಂಗನ ಹಾಗೆ ಅಂತಾನೆ ನಂದ! (ಹೆಂಡತಿಯನ್ನು ಯಾರೂ ಕೇಳಲಿಲ್ಲ, ಅದು ಬೇರೆ ಮಾತು.) ಶಿಲ್ಪಿ ಆ ಮಂಗನನ್ನು ಮರೆಯದೆ ಕೆತ್ತಿದ್ದಾನೆ. ಮಂಗ ಎಲ್ಲಿದೆ ಅಂತ ಮಕ್ಕಳನ್ನು ಕೇಳಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನ ಹಾಗೆ ಈ ಶಿಲ್ಪಗಳ ಕಲ್ಲೂ ಸುಣ್ಣದ ಕಲ್ಲೇ. ಉಳಿಗೆ ಸುಲಭವಾಗಿ ಬಗ್ಗುತ್ತದೆ. ಅದಕ್ಕೇ ಬಳೆ, ಸೊಂಟದ ಪಟ್ಟಿ, ಕೂದಲಿನ ಎಳೆ ಎಲ್ಲ ಅಷ್ಟು ಚೂಪಾಗಿ ಬಂದಿವೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ನಮಗೂ ಅದಕ್ಕೂ ಏನು ಸಂಬಂಧ ಅನ್ನೋದು. ಸೊರಬದ ಕಡೆಯವರು ಈ ಪ್ರಶ್ನೆ ಕೇಳಬಾರದು ಮೇಷ್ಟ್ರೇ!

ಅಲ್ಲಿನ ಶಿಲ್ಪಗಳನ್ನು ನೋಡುವಷ್ಟೇ ಆಸಕ್ತಿಯಿಂದ, ಇದಕ್ಕೆಲ್ಲ ದುಡ್ಡು ಕೊಟ್ಟವರು ಯಾರು ಅಂತಲೂ ನೋಡಬೇಕು. ನನಗಂತೂ ಆ ಜಾಗದ ನಿಜವಾದ ಕಥೆ ಅದೇ. ಇಕ್ಷ್ವಾಕು ವಂಶದ ಮೊದಲ ರಾಜ ಚಾಂತಮೂಲ ಅಶ್ವಮೇಧ ಮಾಡಿಸಿದವನು, ಪಕ್ಕಾ ವೈದಿಕ. ಅವನ ಸೋದರಿ ಚಾಂತಿಸಿರಿ ಮಾತ್ರ ಅಲ್ಲಿನ ಮಹಾಚೈತ್ಯಕ್ಕೆ, ಅಂದರೆ ದೊಡ್ಡ ಸ್ತೂಪಕ್ಕೆ, ಕಂಬಗಳನ್ನು ನಿಲ್ಲಿಸಿದಳು. ಸ್ತೂಪದ ನಾಲ್ಕು ದಿಕ್ಕಿಗೂ ಐದೈದು ಕಂಬ. ಅವುಗಳಲ್ಲಿ ಹಲವು ಕಂಬಗಳ ಮೇಲೆ ಅವಳ ಹೆಸರಿದೆ. ಗಂಡಸರು ಯಜ್ಞ ಮಾಡಿಸಿದರು, ಹೆಂಗಸರು ವಿಹಾರ (ಬೌದ್ಧ ಭಿಕ್ಷುಗಳ ಮಠ) ಕಟ್ಟಿಸಿದರು. ಒಂದೇ ಮನೆಯಲ್ಲಿ ಎರಡೂ ನಡೆದವು. ಬೋಧಿಸಿರಿ ಎಂಬ ಉಪಾಸಕಿಯ (ಬುದ್ಧನ ಭಕ್ತೆಯಾದ ಗೃಹಿಣಿಯ) ಶಾಸನದಲ್ಲಿ ಕಾಶ್ಮೀರ, ಗಾಂಧಾರ, ಚೀನ, ವಂಗ, ಸಿಂಹಳ ಎಲ್ಲ ಬರುತ್ತವೆ. ಆ ಪಟ್ಟಿಯಲ್ಲೇ ವನವಾಸಿ ಕೂಡ ಇದೆ. ಅಂದರೆ ನಿಮ್ಮ ಸೊರಬದ ಪಕ್ಕದ ನಮ್ಮ ಬನವಾಸಿ.

ಅಷ್ಟೇ ಅಲ್ಲ. ಚಾಂತಮೂಲನ ಮೊಮ್ಮಗಳು, ವೀರಪುರುಷದತ್ತನ ಮಗಳು ಕೊಡಬಲಿಸಿರಿ. ಅವಳನ್ನು ಕೊಟ್ಟದ್ದು ಬನವಾಸಿಯ ಮಹಾರಾಜನಿಗೆ. ಅವಳಿಗೆ ತಮ್ಮನೋ ಅಣ್ಣನೋ ಆಗಬೇಕಾದ ಎಹುವುಲ ಚಾಂತಮೂಲ ಪಟ್ಟಕ್ಕೆ ಬಂದ 11ನೇ ವರ್ಷ, ಈ ಬನವಾಸಿ ರಾಣಿ ತವರಿನಲ್ಲಿ ಮಹೀಶಾಸಕ ಎಂಬ ಬೌದ್ಧ ಪಂಥದ ಗುರುಗಳಿಗಾಗಿ ಒಂದು ವಿಹಾರ ಕಟ್ಟಿಸಿದಳು. ಕಂಬದ ಶಾಸನ ಅದನ್ನು ಹೇಳುತ್ತದೆ. ಗಂಡನ ಹೆಸರು ಬರೆಸಿಲ್ಲ, ಊರನ್ನು ಮಾತ್ರ ಬರೆಸಿದ್ದಾಳೆ. ಕದಂಬರ ಮಯೂರಶರ್ಮ ಇನ್ನೂ ಬಂದಿರದ ಕಾಲ ಅದು.

ಈಗ ಬನವಾಸಿಗೆ ಬನ್ನಿ. ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿ ಐದು ಹೆಡೆಯ ನಾಗರ ಕಲ್ಲಿದೆ. ನೀವು ಎಷ್ಟೋ ಸಲ ನೋಡಿರುತ್ತೀರಿ. ಅದರ ಮೇಲೇ ಪ್ರಾಕೃತ ಬರಹವಿದೆ. ಕದಂಬರಿಗಿಂತ ಮೊದಲು ಬನವಾಸಿ ಆಳಿದ ಚುಟು ವಂಶದ ರಾಜನ ಮಗಳೊಬ್ಬಳು ಈ ನಾಗ, ಒಂದು ಕೆರೆ ಮತ್ತು ಒಂದು ವಿಹಾರ ಮಾಡಿಸಿದಳು ಅಂತ ಅದು ಹೇಳುತ್ತದೆ. ಅಲ್ಲಿ ಮಗಳು, ಇಲ್ಲೂ ಮಗಳು. ಕೃಷ್ಣಾ ದಂಡೆಗೂ ವರದಾ ದಂಡೆಗೂ ಬೀಗತನ ಇತ್ತು ಅಂದಮೇಲೆ ಇನ್ನೇನು ಸಂಬಂಧ ಬೇಕು?

ಹಾಗಾಗಿ ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಮೊದಲು ಬನವಾಸಿ, ಆಮೇಲೆ ನಾಗಾರ್ಜುನಕೊಂಡ. ಹತ್ತಿರದ್ದು ನೋಡಿ ಹೋದರೆ ದೂರದ್ದು ತಾನಾಗಿ ಅರ್ಥವಾಗುತ್ತದೆ. ಸಾಧ್ಯವಾದರೆ ದಾರಿ ಸ್ವಲ್ಪ ಸುತ್ತಿ ಕಲಬುರಗಿ ಜಿಲ್ಲೆಯ ಸನ್ನತಿ, ಕನಗನಹಳ್ಳಿಗೂ ಹೋಗಿ. 'ರಾಯೋ ಅಸೋಕೋ' (ರಾಜ ಅಶೋಕ) ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ. ಶುಕ್ರವಾರ ನಾಗಾರ್ಜುನಕೊಂಡದ ಮ್ಯೂಸಿಯಂಗೆ ರಜೆ, ಅವತ್ತು ಹೋಗಬೇಡಿ. ಬೆಳಗಿನ ಮೊದಲ ಲಾಂಚ್ ಹಿಡಿಯಿರಿ. ವಾಪಸ್ ಯಾವ ಲಾಂಚ್‌ನಲ್ಲಿ ಬರಬಹುದು ಅಂತ ಹತ್ತುವ ಮೊದಲೇ ಸಿಬ್ಬಂದಿಯನ್ನು ಕೇಳಿಕೊಳ್ಳಿ. ಅನುಪುವಿನ ಕಲ್ಲಿನ ಮೆಟ್ಟಿಲಿನ ಕ್ರೀಡಾಂಗಣಕ್ಕೆ ಮಧ್ಯಾಹ್ನವನ್ನು ಮೀಸಲಿಡಿ. ಊಟ ಮುಗಿಸಿದ ಹುಡುಗರು ಓಡಾಡಲಿ.

— ಸಂ.